ಒಂದು ತಲೆಯ ಗಿಡಕ್ಕೆ ಹಲವು ತಲೆ

ಡೊಂಬಿವಲಿ, ಕಲ್ಯಾಣಗಳಲ್ಲಿ ಅಂಗಳವಿಲ್ಲದವರ ತೋಟವೆಂದರೆ ಗ್ಯಾಲರಿಯ ನಾಲ್ಕು ಕುಂಡಗಳು. ಅವುಗಳಲ್ಲಿ ರಸಭರಿತ ಸಸ್ಯಗಳು, ಎಂದರೆ ಎಲೆ ಅಥವಾ ಕಾಂಡದಲ್ಲಿ ನೀರನ್ನು ಕೂಡಿಟ್ಟುಕೊಳ್ಳುವ ಗಿಡಗಳು, ಹಲವರಿಗೆ ಪ್ರಿಯ. ಅವು ಒಂಟಿ ಕೋಲಿನಂತೆ ಬೆಳೆದು ಬಾಗಿದಾಗ, ಹಲವು ತಲೆಗಳು ಮೂಡುವಂತೆ ಮಾಡುವುದು ಹೇಗೆಂಬ ಪ್ರಶ್ನೆ ಏಳುತ್ತದೆ.

ಉತ್ತರವನ್ನು ನಮ್ಮ ರೈತರು ಬಲ್ಲರು. ವಿಜಯಪುರ, ಗದಗ ಸೀಮೆಯಲ್ಲಿ ಕಡಲೆಯನ್ನು ಬಿತ್ತಿ ಸುಮಾರು ಒಂದು ತಿಂಗಳಾದ ಮೇಲೆ ಕುಡಿ ಚಿವುಟುವ ವಾಡಿಕೆಯುಂಟು. ಚಿವುಟಿದ ಕುಡಿ ಪಲ್ಯಕ್ಕಾಗುತ್ತದೆ. ಗಿಡವು ಕವಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿ ನೋಡಿರಿ.

ಇದರ ಕಾರಣವೇನು? ತುದಿಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸವು ಕಾಂಡದಲ್ಲಿ ಕೆಳಗಿಳಿಯುತ್ತ, ಎಲೆಯ ಕಂಕುಳಲ್ಲಿರುವ ಮೊಗ್ಗುಗಳನ್ನು ಮಲಗಿಸಿಡುತ್ತದೆ. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಯ ಜಾತಿಯ ಸಸಿಗಳ ತುದಿಯನ್ನು ಕತ್ತರಿಸಿ, ಆ ಜಾಗದಲ್ಲಿ ಆಕ್ಸಿನನ್ನು ಇಟ್ಟರು. ತಲೆ ಹೋದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ. ರಸವನ್ನು ಇಡದ ಸಸಿಗಳಲ್ಲಿ ಅವು ಎದ್ದವು. ಬೇರಿನಿಂದ ಬರುವ ಮತ್ತೊಂದು ರಸಕ್ಕೂ ಇದರಲ್ಲಿ ಪಾಲಿದೆಯೆಂದು 2008ರಲ್ಲಿ ತಿಳಿದುಬಂದಿತು.

ನರ್ಸರಿಗಳಲ್ಲಿ ಜೇಡ್ ಎಂದು ಮಾರುವ, ದಕ್ಷಿಣ ಆಫ್ರಿಕದ ಗಿಡದಲ್ಲಿ ಈ ಪ್ರಯೋಗ ಸುಲಭ. ಅದರ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಒಂದು ಜೋಡಿಯ ಮೇಲೆ ಕತ್ತರಿಸಿದರೆ ಸಾಮಾನ್ಯವಾಗಿ ಎರಡು ಕುಡಿಗಳು ಹೊರಡುತ್ತವೆ; ಅವನ್ನೂ ಮುಂದೆ ಚಿವುಟಿದರೆ ನಾಲ್ಕು. ಲೋಳೆಸರಕ್ಕೆ ಈ ಶಸ್ತ್ರಕ್ರಿಯೆ ಬೇಡ. ಅದು ತಾನಾಗಿಯೇ ಬುಡದಲ್ಲಿ ಮರಿಯಿಡುತ್ತದೆ.

ಕಾಲವನ್ನು ಮಾತ್ರ ಅರಿಯಬೇಕು. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯಾದರೆ, ಠಾಣೆಯಲ್ಲಿ ಅದರ ನಾಲ್ಕು ಪಟ್ಟು; ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ತೇವದಲ್ಲಿ ಗಾಯ ಒಣಗದೆ ಕಾಂಡ ಕೊಳೆಯುತ್ತದೆ. ಮಳೆ ಹಿಂದೆಗೆದ ಮೇಲೆ, ಒರೆಸಿ ಶುಚಿಗೊಳಿಸಿದ ಚೂರಿಯಿಂದ ಕತ್ತರಿಸಿ, ಗಾಯ ಒಣಗುವವರೆಗೆ ಅದಕ್ಕೆ ನೀರು ತಾಗಿಸದಿರುವುದು ಲೇಸು. ಬೆಳಕಿಲ್ಲದೆ ಸೊರಗಿ ಉದ್ದವಾದ ಗಿಡವನ್ನು ಬರಿದೆ ಕತ್ತರಿಸಿ ಫಲವಿಲ್ಲ. ಹೊಸ ಕುಡಿಗಳೂ ಹಾಗೆಯೇ ಸೊರಗುವುವು. ಮೊದಲು ಕುಂಡವನ್ನು ಬಿಸಿಲಿನ ಕಡೆಗೆ ಸರಿಸಬೇಕು.

ಕಳ್ಳಿಯ ಜಾತಿಯ ಗಿಡವಾದರೆ ಹಿರಿಯರು ಜೊತೆಯಲ್ಲಿಲ್ಲದೆ ಮುಟ್ಟಲೇಬೇಡಿರಿ. ಅದರ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ; ಒಡನೆಯೇ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಕತ್ತರಿಸಿದ ಜೇಡ್ ತುದಿಯನ್ನು ಎಸೆಯಬೇಕಾಗಿಲ್ಲ. ಕೆಲವು ದಿನ ನೆರಳಿನಲ್ಲಿ ಗಾಯವನ್ನು ಒಣಗಿಸಿ, ಮರಳು ಬೆರೆತ ಮಣ್ಣಿನಲ್ಲಿ ನೆಟ್ಟರೆ ಅದೂ ಬೇರು ಬಿಡುತ್ತದೆ.