ಬ್ರೇಕ್ ಒತ್ತಿದ್ದು ಯಾರ್ಯಾರಿಗೆ ಗೊತ್ತು?

ಕ್ಯಾನ್ ಬಸ್ ಅಂದ್ರೆ ಬ್ರೇಕ್, ಎಂಜಿನ್, ಸ್ಟೀರಿಂಗ್‌ಗಳ ಇಸಿಯುಗಳು ಪರಸ್ಪರ ಮಾತಾಡೋ ಎರಡು ತಂತಿ. ಈಗಿನ ಕಾರುಗಳಲ್ಲಿ ಆ ಮಾತು ಟೆಲಿಮ್ಯಾಟಿಕ್ಸ್ ಘಟಕದ ಸಿಮ್ ಮೂಲಕ ಕಂಪನಿಯ ಸರ್ವರ್‌ಗೂ ಹೋಗುತ್ತೆ. ಕಾರು ಒಮ್ಮೆ ಮಾರಿದರೆ ಮುಗೀತು. ಡೇಟಾ ದಿನಾ ಮಾರಬಹುದು.

ಅಮೆರಿಕದ ಜನರಲ್ ಮೋಟಾರ್ಸ್ ಅದನ್ನೇ ಮಾಡಿತು. ಅದರ 'ಸ್ಮಾರ್ಟ್ ಡ್ರೈವರ್' ಸೇವೆ ದಿಢೀರ್ ಬ್ರೇಕ್, ಅತಿವೇಗ, ತಡರಾತ್ರಿಯ ಓಡಾಟ ಎಲ್ಲವನ್ನೂ ದಾಖಲಿಸುತ್ತಿತ್ತು. ಲೆಕ್ಸಿಸ್‌ನೆಕ್ಸಿಸ್, ವೆರಿಸ್ಕ್ ಮೂಲಕ ಅದು ವಿಮಾ ಕಂಪನಿಗಳಿಗೆ ತಲುಪಿತು. ಕೆಲವು ಮಾಲೀಕರಿಗೆ ವಿಷಯ ತಿಳಿದದ್ದೇ ಪ್ರೀಮಿಯಂ ಏರಿದ ಮೇಲೆ. 2024ರ ಮಾರ್ಚ್‌ನಲ್ಲಿ ಇದು ಪತ್ರಿಕೆಗೆ ಬಂದಾಗ ಕಂಪನಿ ಡೇಟಾ ಕೊಡೋದನ್ನ ನಿಲ್ಲಿಸಿತು.

ನನಗೆ ಕಾಡೋದು ಇನ್ನೊಂದು. ಅಡ್ಡ ಬಂದ ಮಗುವನ್ನು ಉಳಿಸಲು ಬ್ರೇಕ್ ಒತ್ತಿದರೂ ಸೆನ್ಸರ್‌ಗೆ ಕಾಣೋದು ವೇಗ ಸರ್ರನೆ ಇಳಿದದ್ದಷ್ಟೇ. ಅದು 'ಒರಟು ಚಾಲನೆ' ಅಂತಲೇ ಲೆಕ್ಕಕ್ಕೆ ಬೀಳುತ್ತೆ.