ಖಾಲಿ ಕೋಣೆ ಮತ್ತು ದಿನಚರಿ: ಸ್ಥಳದ ಜೊತೆ ಪುಸ್ತಕವನ್ನಿಟ್ಟು ಪಾಠ ಮಾಡುವ ಬಗೆ

ಪ್ರವಾಸ ಕಥನದ ಗದ್ಯಪಾಠವಾಗಲಿ, ಸಮಾಜ ವಿಜ್ಞಾನದಲ್ಲಿ ಪರದೇಶದ ಘಟಕವಾಗಲಿ, ಅಭ್ಯಾಸ ಬೋಧನೆಯಲ್ಲಿ ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಭೂಪಟ ತೂಗುಹಾಕುವುದು, ರಾಜಧಾನಿಯ ಹೆಸರು ಹೇಳಿಸುವುದು, ನೋಡತಕ್ಕ ಸ್ಥಳಗಳನ್ನು ಕಪ್ಪುಹಲಗೆಯ ಮೇಲೆ ಪಟ್ಟಿ ಮಾಡುವುದು. ಪುಸ್ತಕದ ಮಾತು ಬಂದರೆ ಅದು ಅವಧಿಯ ಕೊನೆಯ ಎರಡು ನಿಮಿಷಗಳಲ್ಲಿ, ‘ಹೆಚ್ಚಿನ ಓದಿಗೆ’ ಎಂಬ ಸಾಲಿನಲ್ಲಿ ಮಾತ್ರ. ಸ್ಥಳವನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು, ಒಂದು ಹೇಳದೆ ಬಿಟ್ಟದ್ದನ್ನು ಇನ್ನೊಂದರಲ್ಲಿ ಹುಡುಕಿಸುವ ಪಾಠ ಅಪರೂಪ. ಅಂಥ ಪಾಠಕ್ಕೆ ಆಮ್‌ಸ್ಟರ್‌ಡ್ಯಾಮ್ ನಗರ ಮತ್ತು ಆನ್ ಫ್ರಾಂಕ್‌ಳ ದಿನಚರಿ ಚೆನ್ನಾಗಿ ಒದಗುತ್ತವೆ. ಹತ್ತನೆಯ ತರಗತಿಯಲ್ಲಿ ನಾಜಿವಾದ ಹೇಗೂ ಬರುತ್ತದೆ. ದಿನಚರಿ ಬರೆದವಳು ಆ ಮಕ್ಕಳ ವಯಸ್ಸಿನವಳೇ. ಪುಸ್ತಕ ಕನ್ನಡದಲ್ಲೂ ಸಿಗುತ್ತದೆ.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ ಹೆಚ್ಚಿನದೇನಲ್ಲ. ಆನ್ ಹುಟ್ಟಿದ್ದು 1929ರ ಜೂನ್ 12ರಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಈ ಯಹೂದಿ ಕುಟುಂಬ ಆಮ್‌ಸ್ಟರ್‌ಡ್ಯಾಮ್‌ಗೆ ವಲಸೆ ಹೋಯಿತು. 1940ರಲ್ಲಿ ಜರ್ಮನ್ ಸೈನ್ಯ ಆ ದೇಶವನ್ನೂ ಆಕ್ರಮಿಸಿತು. 1942ರ ಜುಲೈ 6ರಂದು ಅವರು ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ದಡದ 263ನೆಯ ಸಂಖ್ಯೆಯ ಕಟ್ಟಡದ ಹಿಂಭಾಗಕ್ಕೆ ಅಡಗಲು ಹೋದರು. ಮುಂಭಾಗದಲ್ಲಿ ತಂದೆ ಒಟ್ಟೊ ಫ್ರಾಂಕ್ ಅವರ ವ್ಯಾಪಾರದ ಕಚೇರಿಯಿತ್ತು. ಹಿಂಭಾಗಕ್ಕೆ ಹೋಗುವ ಬಾಗಿಲಿಗೆ ಪುಸ್ತಕದ ಕಪಾಟೊಂದನ್ನು ಮರೆಯಾಗಿಟ್ಟರು. ಒಟ್ಟು ಎಂಟು ಜನ ಅಲ್ಲಿದ್ದರು. 1944ರ ಆಗಸ್ಟ್ 4ರಂದು ಎಲ್ಲರೂ ಬಂಧಿತರಾದರು. ಬದುಕಿ ಬಂದವರು ತಂದೆ ಒಬ್ಬರೇ. ಆನ್ ಮತ್ತು ಅವಳ ಅಕ್ಕ ಮಾರ್ಗೊಟ್ 1945ರ ಆರಂಭದಲ್ಲಿ ಬರ್ಗೆನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡರು. ದಿನಚರಿ 1947ರಲ್ಲಿ ಅಚ್ಚಾಯಿತು. ಕಟ್ಟಡ 1960ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಮೊದಲನೆಯ ಅವಧಿಯಲ್ಲಿ ಮೇಲಿನ ಕೊನೆಯ ನಾಲ್ಕು ವಾಕ್ಯಗಳನ್ನು ಹೇಳಬೇಡಿ. 1942ರ ಜುಲೈ ತಿಂಗಳ ಪುಟಗಳಲ್ಲಿ ಆನ್ ಅಡಗುತಾಣದ ಮಹಡಿ, ಮೆಟ್ಟಿಲು, ಕೋಣೆಗಳನ್ನು ವಿವರಿಸುವ ಭಾಗವೊಂದಿದೆ. ಅದನ್ನಷ್ಟೇ ಓದಿಸಿ, ಗುಂಪುಗಳಲ್ಲಿ ಮನೆಯ ನಕ್ಷೆ ಬರೆಯಿಸಿ. ಯಾರ ಹಾಸಿಗೆ ಎಲ್ಲಿ, ಬಚ್ಚಲು ಎಲ್ಲಿ, ಅಡುಗೆ ಎಲ್ಲಿ ಎಂದು ಮಕ್ಕಳು ಜಗಳವಾಡುತ್ತಲೇ ಪುಟವನ್ನು ಮತ್ತೆ ಮತ್ತೆ ತಿರುವುತ್ತಾರೆ. ನಕ್ಷೆ ಮುಗಿದ ಮೇಲೆ ಸ್ಥಳಕ್ಕೆ ಕರೆದೊಯ್ಯಿರಿ. ನಮ್ಮ ಮಕ್ಕಳಿಗೆ ಆಮ್‌ಸ್ಟರ್‌ಡ್ಯಾಮ್ ದೂರ, ನಿಜ. ಆದರೆ ಸಂಗ್ರಹಾಲಯದ ಜಾಲತಾಣದಲ್ಲಿ ಅಡಗುತಾಣವನ್ನು ಕೋಣೆ ಕೋಣೆಯಾಗಿ ನೋಡುವ ಅವಕಾಶವಿದೆ. ಪ್ರೊಜೆಕ್ಟರ್ ಇಲ್ಲದ ಶಾಲೆಯಲ್ಲಿ ನಾಲ್ಕೈದು ಚಿತ್ರಗಳ ಮುದ್ರಿತ ಪ್ರತಿ ಸಾಕು. ಇಂದಿನ ಸ್ಥಿತಿಯಲ್ಲಿ ಕೋಣೆಗಳು ಹೇಗಿವೆ ಎಂಬುದನ್ನು ತೋರಿಸುವ ಚಿತ್ರಗಳನ್ನೇ ಆರಿಸಬೇಕು.

ಮಕ್ಕಳ ನಕ್ಷೆಯಲ್ಲಿ ಮಂಚ, ಮೇಜು, ಒಲೆ ತುಂಬಿಕೊಂಡಿರುತ್ತವೆ. ಚಿತ್ರದಲ್ಲಿ ಕೋಣೆ ಖಾಲಿ. ಇಲ್ಲಿ ಪಾಠವನ್ನು ನಿಲ್ಲಿಸಿ ‘ಸಾಮಾನುಗಳೆಲ್ಲ ಎಲ್ಲಿ ಹೋದವು?’ ಎಂದು ಕೇಳಬೇಕು. ಮನೆ ಬದಲಿಸಿರಬೇಕು, ಕಳ್ಳತನವಾಗಿರಬೇಕು, ಹಳೆಯದಾಗಿ ಬಿಸಾಡಿರಬೇಕು ಎಂಬಂಥ ಉತ್ತರಗಳು ಬರಲಿ. ವೀಕ್ಷಕರು ಹಿಂದೆ ಕುಳಿತಿದ್ದಾರೆಂದು ಪ್ರಶಿಕ್ಷಣಾರ್ಥಿಗಳು ಇಂಥ ಕಡೆ ಗಡಿಬಿಡಿಯಿಂದ ಉತ್ತರ ಹೇಳಿಬಿಡುತ್ತಾರೆ, ಹೇಳಬಾರದು. ಬಂಧನವಾದ ಮೇಲೆ ಆಕ್ರಮಣಕಾರರ ಆಡಳಿತ ಪೀಠೋಪಕರಣಗಳನ್ನು ಸಾಗಿಸಿತು. ಯುದ್ಧಾನಂತರ ಒಟ್ಟೊ ಫ್ರಾಂಕ್ ಕೋಣೆಗಳು ಹಾಗೇ ಖಾಲಿಯಾಗಿರಲಿ ಎಂದು ಬಯಸಿದರು. ಈ ಎರಡು ಸಂಗತಿಗಳನ್ನು ತಿಳಿಸಿ, ಬಂಧನದಿಂದ ಮುಂದಿನ ಕಥೆಯನ್ನು ಆಮೇಲೆ ಹೇಳಿದರೆ ಸಾಕು. ದಿನಚರಿ 1944ರ ಆಗಸ್ಟ್ 1ಕ್ಕೆ ನಿಲ್ಲುತ್ತದೆ. ಬರೆದವಳಿಗೇ ಏನಾಯಿತೆಂದು ಅದು ಹೇಳಲಾರದು, ಕೋಣೆ ಹೇಳುತ್ತದೆ. ಧ್ವನಿ ಭಾರ ಮಾಡಿಕೊಂಡು ಮಕ್ಕಳ ಕಣ್ಣಲ್ಲಿ ನೀರು ತರಿಸುವ ಓದು ಈ ಪಾಠಕ್ಕೆ ಬೇಕಿಲ್ಲ.

ಎರಡನೆಯ ಅವಧಿ ಒಂದು ಗೋಡೆಯ ಸುತ್ತ ನಡೆಯಲಿ. ಆನ್‌ಳ ತಂದೆತಾಯಿ ಇದ್ದ ಕೋಣೆಯ ಗೋಡೆಯ ಮೇಲೆ ನಾರ್ಮಂಡಿಯ ಭೂಪಟವೊಂದಿದೆ. 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ಆ ತೀರದಲ್ಲಿ ಇಳಿದ ಮೇಲೆ, ಸೈನ್ಯ ಮುಂದೆ ಬಂದಂತೆಲ್ಲ ಒಟ್ಟೊ ಫ್ರಾಂಕ್ ಅದರ ಮೇಲೆ ಗುಂಡುಸೂಜಿ ಚುಚ್ಚುತ್ತಿದ್ದರು. ಅದರ ಪಕ್ಕದಲ್ಲೇ ಮಕ್ಕಳ ಎತ್ತರ ಗುರುತು ಮಾಡಿದ ಪೆನ್ಸಿಲ್ ಗೆರೆಗಳಿವೆ. ಅಡಗಿದ್ದ ಎರಡು ವರ್ಷ, ಒಂದು ತಿಂಗಳಲ್ಲಿ ಆನ್ ಸುಮಾರು 13 ಸೆಂ.ಮೀ. ಬೆಳೆದಳು. ಎತ್ತರದ ಗೆರೆ ಎಳೆಯುವುದು ನಮ್ಮ ಮನೆಗಳಲ್ಲೂ ಉಂಟು, ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಗೋಡೆಯ ಚಿತ್ರ ತೋರಿಸಿ ದಿನಾಂಕಗಳ ಲೆಕ್ಕ ಮಾಡಿಸಿ. ಬಂಧನ ಆಗಸ್ಟ್ 4. ಪ್ಯಾರಿಸ್ ಬಿಡುಗಡೆಯಾದದ್ದು ಆಗಸ್ಟ್ 25. ‘ಅಯ್ಯೋ, ಇನ್ನು ಮೂರೇ ವಾರ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಭೂಪಟದಲ್ಲಿ ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ ಬೆರಳಿಡಿಸಿ. ಆಮ್‌ಸ್ಟರ್‌ಡ್ಯಾಮ್ ಬಿಡುಗಡೆಯಾದದ್ದು 1945ರ ಮೇ ತಿಂಗಳಲ್ಲಿ, ಬಂಧನವಾಗಿ ಒಂಬತ್ತು ತಿಂಗಳ ನಂತರ. ನಡುವಿನ ಚಳಿಗಾಲದಲ್ಲಿ ಆ ನಗರದಲ್ಲಿ ಆಹಾರವಿಲ್ಲದೆ ಜನ ಸತ್ತರು. ಹಾಗಾದರೆ ಸಿಕ್ಕಿಬೀಳದೆ ಇದ್ದಿದ್ದರೂ ಎಂಟು ಜನರಿಗೆ ಗುಟ್ಟಾಗಿ ಊಟ ತಲುಪಿಸುವುದು ಸಾಧ್ಯವಾಗುತ್ತಿತ್ತೇ? ಇದಕ್ಕೆ ಒಂದೇ ಸರಿಯುತ್ತರವಿಲ್ಲ. ಆದರೆ ಇಸವಿಗಳನ್ನು ಉರುಹೊಡೆದ ಮಕ್ಕಳು ಅವನ್ನು ಉಪಯೋಗಿಸಿ ಯೋಚಿಸುವುದು ಇಲ್ಲಿಂದ ಶುರುವಾಗುತ್ತದೆ.

ಹೆಸರುಗಳ ವಿಷಯವೂ ಒಂದಿದೆ. ದಿನಚರಿಯಲ್ಲಿ ಆನ್‌ಳ ಕೋಣೆಯಲ್ಲಿ ಪಾಲುದಾರನಾಗಿ ಬಂದ ದಂತವೈದ್ಯ ‘ಡುಸೆಲ್’. ಸಂಗ್ರಹಾಲಯದಲ್ಲಿ ಅದೇ ವ್ಯಕ್ತಿ ಫ್ರಿಟ್ಸ್ ಫೆಫರ್. ‘ವಾನ್ ಡಾನ್’ ಕುಟುಂಬದ ನಿಜವಾದ ಹೆಸರು ವಾನ್ ಪೆಲ್ಸ್. ಯುದ್ಧ ಮುಗಿದ ಮೇಲೆ ಜನರ ದಿನಚರಿ, ಪತ್ರಗಳನ್ನು ಸಂಗ್ರಹಿಸಲಾಗುವುದೆಂದು 1944ರ ಮಾರ್ಚ್‌ನಲ್ಲಿ ಡಚ್ ಸಚಿವರೊಬ್ಬರು ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿ, ಆನ್ ತನ್ನ ಬರಹವನ್ನು ಪ್ರಕಟಣೆಗಾಗಿ ತಿದ್ದಿ ಬರೆಯತೊಡಗಿದಳು. ಆಗ ಹೆಸರುಗಳನ್ನೂ ಬದಲಿಸಿದಳು. ನಮ್ಮ ಕೈಗೆ ಸಿಗುವ ಪುಸ್ತಕ ಆ ತಿದ್ದಿದ ಬರಹವನ್ನೂ ಒಳಗೊಂಡದ್ದು. ಮುಂಗೋಪಿ ಡುಸೆಲ್‌ನನ್ನು ಓದಿ ನಕ್ಕ ಮಕ್ಕಳಿಗೆ, ಆ ಮನುಷ್ಯನೂ ಶಿಬಿರದಲ್ಲಿ ಸತ್ತನೆಂದು ತಿಳಿಯಬೇಕು. ಹದಿಮೂರು-ಹದಿನಾಲ್ಕರ ಹುಡುಗಿ ಇಕ್ಕಟ್ಟಿನಲ್ಲಿ ಕುಳಿತು ಬರೆದ ಅಭಿಪ್ರಾಯ ಅದು, ಆತನ ಪೂರ್ಣ ಚಿತ್ರವಲ್ಲ.

ಗೃಹಪಾಠಕ್ಕೆ ಸಂಗ್ರಹಾಲಯದ ಒಂದು ನಿಯಮ ನೆರವಾಗುತ್ತದೆ: ಅಲ್ಲಿ ಫೋಟೋ ತೆಗೆಯುವಂತಿಲ್ಲ. ಮಕ್ಕಳು ತಮ್ಮ ಊರಿನ ಒಂದು ಹಳೆಯ ಕೋಣೆಯನ್ನು ಮೊಬೈಲ್ ಇಲ್ಲದೆ ಹತ್ತು ನಿಮಿಷ ನೋಡಿ, ಅಲ್ಲಿ ಏನಿಲ್ಲ ಎಂಬುದನ್ನು ಬರೆದು ತರಲಿ. ಶಾಲಾ ಪ್ರವಾಸ ಕುಪ್ಪಳಿಯ ಕವಿಮನೆಗೆ ಹೋಗುವುದಿದ್ದರೆ, ‘ಮಲೆನಾಡಿನ ಚಿತ್ರಗಳು’ ಪುಸ್ತಕದ ಒಂದು ಪ್ರಬಂಧವನ್ನು ಮೊದಲೇ ಓದಿಸಿ ಅಲ್ಲಿಯೂ ಇದನ್ನೇ ಮಾಡಿಸಬಹುದು. ಅದು ಸಾಮಾನು ಸರಂಜಾಮು ತುಂಬಿದ ಮನೆ, ಪ್ರಶ್ನೆ ಬೇರೆಯಾಗುತ್ತದೆ: ಇವುಗಳಲ್ಲಿ ಯಾವುದು ಪುಸ್ತಕದಲ್ಲಿ ಬಂದಿದೆ, ಯಾವುದು ಬಂದಿಲ್ಲ?

ಎರಡನೆಯ ಅವಧಿಗೆ 45 ನಿಮಿಷ ಸಾಲದೆ ಹೋಗಬಹುದು. ಸಮಯ ಮೀರಿದರೆ ಹೆಸರುಗಳ ಭಾಗವನ್ನು ಇನ್ನೊಂದು ದಿನಕ್ಕೆ ಮುಂದೂಡಿ. ಗೋಡೆಯ ಭಾಗವನ್ನು ಮೊಟಕುಗೊಳಿಸಬೇಡಿ.