ಸಾಕ್ಷಿ ಹೇಳಿದ ಮರ, ಆರೋಪ ಹೊತ್ತ ಆನೆ

ಪಾತ್ರ ಪರಿಚಯ ಮಾಡಿ. ಕಥೆಯ ಆಶಯ ತಿಳಿಸಿ. ಶೀರ್ಷಿಕೆಯ ಔಚಿತ್ಯ ವಿವರಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಕನ್ನಡ ಓದಿದವರಿಗೆಲ್ಲ ಈ ಪ್ರಶ್ನೆಗಳು ಗೊತ್ತು. ಉತ್ತರವೂ ಗೊತ್ತು: ಗೈಡ್ ತೆಗೆದು ಐದು ವಾಕ್ಯ ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಇಳಿಸಿ ಬರುವುದು. ಅಂಕ ಬಂತು, ಕಥೆ ಅಲ್ಲೇ ಉಳೀತು.

ನಮ್ಮ ಸಂಘದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯವರಿದ್ದೇವೆ. ಮನೆಯಲ್ಲಿ ನವಾಯತಿ ಮಾತಾಡುವವರು, ಕೊಂಕಣಿ ಮಾತಾಡುವವರು, ಕನ್ನಡವನ್ನು ಮೂರನೇ ಭಾಷೆಯಾಗಿ ಓದಿದವರು ಎಲ್ಲರೂ ಇದ್ದಾರೆ. ಅದಕ್ಕೇ ಈ ಪಾಠದಲ್ಲಿ ಮೂರು ಕಥೆಗಳನ್ನು ಮೊದಲಿಂದ ಹೇಳುತ್ತಾ ಹೋಗುತ್ತೇವೆ. ಎರಡು ಪಠ್ಯದಲ್ಲಿದ್ದವು, ಒಂದು ನಮ್ಮದೇ ಕುಮಟಾ ತಾಲೂಕಿನವರು ಬರೆದದ್ದು. ಮೂರರಲ್ಲೂ ಯಾರದೋ ಮೇಲೆ ಒಂದು ಆರೋಪ ಬರುತ್ತದೆ. ಅದನ್ನು ಯಾರು ಪರೀಕ್ಷಿಸುತ್ತಾರೆ, ಯಾರು ಸುಮ್ಮನೆ ನಂಬುತ್ತಾರೆ ಅನ್ನುವುದರ ಮೇಲೆ ಕಥೆ ನಿಂತಿದೆ. ನಾಳೆ ಟ್ರಾನ್ಸ್‌ಫಾರ್ಮರ್ ಸುಟ್ಟಾಗ, ಸೇತುವೆ ಬಿರುಕು ಬಿಟ್ಟಾಗ ವರದಿ ಬರೆದು ಸಹಿ ಹಾಕುವವರು ನಾವೇ. ಹಾಗಾಗಿ ಇದು ಬರೀ ಕನ್ನಡ ಪೇಪರಿನ ವಿಷಯ ಅಲ್ಲ.

1. ಪಾತ್ರ: ಹೆಸರು ನೋಡಿ ತೀರ್ಮಾನಿಸಬೇಡಿ

ಹತ್ತನೇ ತರಗತಿಯಲ್ಲಿ ಓದಿದ 'ವೃಕ್ಷಸಾಕ್ಷಿ' 11ನೇ ಶತಮಾನದ ದುರ್ಗಸಿಂಹನ 'ಕರ್ಣಾಟಕ ಪಂಚತಂತ್ರ'ದ ಕಥೆ. ಧರ್ಮಬುದ್ಧಿ, ದುಷ್ಟಬುದ್ಧಿ ಎಂಬ ಇಬ್ಬರು ವ್ಯಾಪಾರ ಮಾಡಿ ಗಳಿಸಿದ ಹೊನ್ನನ್ನು ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಗುಟ್ಟಾಗಿ ಅದನ್ನು ಕದ್ದು, ಧರ್ಮಬುದ್ಧಿಯ ಮೇಲೆ ಆರೋಪ ಹೊರಿಸುತ್ತಾನೆ. ಸಾಕ್ಷಿ ಯಾರು ಅಂದರೆ, ಆ ಆಲದ ಮರವೇ ಸಾಕ್ಷಿ ಅನ್ನುತ್ತಾನೆ. ಆಮೇಲೆ ತನ್ನ ತಂದೆಯನ್ನು ಮರದ ಪೊಟರೆಯಲ್ಲಿ ಕೂರಿಸಿ ಸುಳ್ಳು ಹೇಳಿಸುತ್ತಾನೆ.

ಗೈಡಿನ ಪಾತ್ರ ಪರಿಚಯ ಇಲ್ಲಿ ತೀರಾ ಸುಲಭ. ಧರ್ಮಬುದ್ಧಿ ಒಳ್ಳೆಯವನು, ದುಷ್ಟಬುದ್ಧಿ ಕೆಟ್ಟವನು, ಹೆಸರೇ ಹೇಳುತ್ತದೆ. ಹಾಗಾದರೆ ತಂದೆ? ಅವನ ಹೆಸರು ಪ್ರೇಮಮತಿ. ಮಗ ಈ ಉಪಾಯ ಹೇಳಿದಾಗ ಇದರಿಂದ ಕುಲವೇ ಹಾಳಾಗುತ್ತದೆ ಅಂತ ಮೊದಲು ಎಚ್ಚರಿಸುವವನು ಅವನೇ. ಆದರೂ ಕೊನೆಗೆ ಹೋಗಿ ಪೊಟರೆಯಲ್ಲಿ ಕೂರುತ್ತಾನೆ. ತಪ್ಪು ಅಂತ ಗೊತ್ತಿದ್ದೂ ಮಗನ ಮೇಲಿನ ಪ್ರೀತಿಗೆ ಮಾಡುತ್ತಾನೆ. ಒಳ್ಳೆಯವನೋ ಕೆಟ್ಟವನೋ ಅಂತ ಒಂದು ಮಾತಿನಲ್ಲಿ ಹೇಳಲಿಕ್ಕೆ ಬರುವುದಿಲ್ಲ. ಈ ಕಥೆಯಲ್ಲಿ ನಮ್ಮ ಹಾಗೆ ಇರುವ ಮನುಷ್ಯ ಅವನೊಬ್ಬನೇ.

ಪಾತ್ರ ವಿಶ್ಲೇಷಣೆಗೆ ಮೂರು ಪ್ರಶ್ನೆ ಸಾಕು. ಈ ವ್ಯಕ್ತಿಗೆ ಏನು ಬೇಕು? ಅದಕ್ಕಾಗಿ ಏನು ಮಾಡಿದ? ಅದಕ್ಕೆ ಬೆಲೆ ತೆತ್ತವರು ಯಾರು? ಗುಣವಾಚಕಗಳ ಪಟ್ಟಿ ಬೇಡ, ಕ್ರಿಯಾಪದ ಹುಡುಕಿ. ಧರ್ಮಬುದ್ಧಿಯನ್ನೂ ಹೀಗೇ ನೋಡಿ. ಅವನು 'ಸತ್ಯವಂತ' ಅಂತ ಬರೆದರೆ ಅರ್ಧ ಮಾತ್ರ ಬರೆದ ಹಾಗೆ. ಮರ ಮಾತಾಡಿತು ಅಂತ ಜನ ಬೆರಗಾಗಿ ನಿಂತಾಗ, ಮರದ ಸುತ್ತ ಬಂದು, ಪೊಟರೆ ನೋಡಿ, ಬೆಂಕಿ ಹಾಕಿಸಿದವನು ಅವನು. ಹೇಳಿಕೆಯನ್ನು ಒಪ್ಪಲಿಲ್ಲ, ಪರೀಕ್ಷೆ ಮಾಡಿದ. ನಾವು ಲ್ಯಾಬಿನಲ್ಲಿ ಮಾಡುವುದೂ ಅದೇ ಅಲ್ವಾ? ಆದರೆ ಆ ಪರೀಕ್ಷೆಯ ಬೆಂಕಿಯಲ್ಲಿ ಪ್ರೇಮಮತಿಯ ಜೀವ ಹೋಯಿತು ಅನ್ನುವುದನ್ನೂ ಉತ್ತರದಲ್ಲಿ ಸೇರಿಸಬೇಕು.

2. ಆಶಯ: ಒಂದು ಪದ ಅಲ್ಲ, ಒಂದು ವಾಕ್ಯ

ವಸ್ತು ಬೇರೆ, ಆಶಯ ಬೇರೆ. ಕಥೆ ಯಾವುದರ ಬಗ್ಗೆ ಅಂದರೆ ವಸ್ತು. ಅದರ ಬಗ್ಗೆ ಕಥೆ ಏನು ಕಾಣಿಸುತ್ತದೆ ಅಂದರೆ ಆಶಯ. 'ಪರಿಸರ' ಅಂತ ಬರೆದರೆ ಅದು ವಸ್ತು ಆಯಿತು. ಆಶಯ ಬರೆಯಬೇಕಾದರೆ ಪೂರ್ತಿ ವಾಕ್ಯ ಬೇಕು, ಅದೂ ಯಾರಾದರೂ "ಹಾಗಲ್ಲ" ಅಂತ ವಾದ ಮಾಡಬಹುದಾದ ವಾಕ್ಯ.

ದ್ವಿತೀಯ ಪಿಯುಸಿಯಲ್ಲಿ ಓದಿದ ಪೂರ್ಣಚಂದ್ರ ತೇಜಸ್ವಿಯವರ 'ಕೃಷ್ಣೇಗೌಡನ ಆನೆ' ತಗೊಳ್ಳಿ. ಮಠದಲ್ಲಿ ಬೆಳೆದ ಸಾಧು ಆನೆ ಗೌರಿಯನ್ನು ಕೃಷ್ಣೇಗೌಡ ಕೊಂಡು ತರುತ್ತಾನೆ. ಆಮೇಲೆ ಊರಿನಲ್ಲಿ ಏನೇ ಕೆಟ್ಟರೂ ಅದರ ಹೆಸರು ಬರಲಿಕ್ಕೆ ಶುರುವಾಗುತ್ತದೆ. ಅರಣ್ಯ ಇಲಾಖೆಯ ನಾಗರಾಜನದು ಒಂದು ಲೆಕ್ಕ, ಲೈನ್‌ಮನ್ ದುರ್ಗಪ್ಪನದು ಇನ್ನೊಂದು, ಪುರಸಭೆಯ ಖಾನ್ ಸಾಹೇಬರದು ಮತ್ತೊಂದು. ಎಲ್ಲರೂ ನಿರೂಪಕನ ಹತ್ತಿರ ಬಂದು ದೂರು ಹೇಳುತ್ತಾರೆ. ಓದುವಾಗ ನಕ್ಕು ನಕ್ಕು ಸಾಕಾಗುತ್ತದೆ.

'ಇದು ಸರ್ಕಾರಿ ಇಲಾಖೆಗಳ ವಿಡಂಬನೆ' ಅಂತ ಬರೆದರೆ ಅಂಕ ಸಿಗುತ್ತದೆ, ತಪ್ಪೂ ಅಲ್ಲ. ಆದರೆ ಒಂದು ಹೆಜ್ಜೆ ಮುಂದೆ ಹೋಗಿ. ಕಾಗದದ ಮೇಲೆ ನಾಲ್ಕು ಅಂಕಣದ ಕೋಷ್ಟಕ ಹಾಕಿ: ಏನಾಯಿತು, ಯಾರು ಹೇಳಿದರು, ಅವರು ಕಣ್ಣಾರೆ ಕಂಡರೋ ಕೇಳಿ ಹೇಳಿದರೋ, ಆ ಆರೋಪದಿಂದ ಯಾರು ಪಾರಾದರು. ಮೂರನೇ ಅಂಕಣ ತುಂಬುವಾಗ ಕಥೆ ಬೇರೆಯೇ ಆಗಿ ಕಾಣುತ್ತದೆ. ನಾಲ್ಕನೇ ಅಂಕಣಕ್ಕೆ ಬಂದಾಗ ನಗು ಸ್ವಲ್ಪ ಕಡಿಮೆಯಾಗುತ್ತದೆ. ನಾವು ಬರೆದುಕೊಂಡ ಆಶಯ ಇದು: ಮಾತಾಡಲು ಬಾರದ ಒಂದು ಜೀವ ಸಿಕ್ಕರೆ, ಎಲ್ಲರೂ ತಮ್ಮ ಹೊಣೆಯನ್ನು ಅದರ ಬೆನ್ನಿಗೇ ಹೊರಿಸಿ ಹಗುರಾಗುತ್ತಾರೆ. ನೀವು ಒಪ್ಪಲೇಬೇಕು ಅಂತಿಲ್ಲ. ಒಪ್ಪದಿದ್ದರೆ ಕಥೆಯೊಳಗಿಂದಲೇ ಪುರಾವೆ ತನ್ನಿ.

3. ಸಂಕೇತ: ಮೊದಲು ಅದು ವಸ್ತುವಾಗಿರಲಿ

'ಆನೆ ಯಾವುದರ ಸಂಕೇತ?' ಅಂದ ಕೂಡಲೇ ಸಮೀಕರಣ ಬರೆಯುವ ಅಭ್ಯಾಸ ನಮಗೆ. ಆನೆ ಅಂದರೆ ಪ್ರಕೃತಿ, ಮರ ಅಂದರೆ ಸತ್ಯ, ಮುಗೀತು. ಸಂಕೇತ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ.

ಮೊದಲು ಅದನ್ನು ಅದಾಗಿಯೇ ನೋಡಿ. ಗೌರಿ ಹೊಟ್ಟೆಗೆ ಬೇಕಾದ, ದಾರಿಯಲ್ಲಿ ಜಾಗ ಬೇಕಾದ ಆನೆ. ಆಮೇಲೆ ಯಾರು ಅದನ್ನು ಹೇಗೆ ಕಾಣುತ್ತಾರೆ ನೋಡಿ. ಮಠಕ್ಕೆ ಅದು ವೈಭವ, ಕೃಷ್ಣೇಗೌಡನಿಗೆ ದುಡಿಮೆ, ಮಾವುತ ವೇಲಾಯುಧನಿಗೆ ಅನ್ನ, ನಾಗರಾಜನಿಗೆ ತಲೆನೋವು. ಕುರುಡರು ಆನೆ ಮುಟ್ಟಿ ನೋಡಿದ ಕಥೆ ನಮಗೆಲ್ಲ ಗೊತ್ತು. ಇಲ್ಲಿ ಕಣ್ಣಿದ್ದವರು ಮುಟ್ಟಿಯೂ ನೋಡದೆ ಹೇಳುತ್ತಾರೆ. ಆನೆಯ ಅರ್ಥ ಇರುವುದು ಈ ನೋಟಗಳ ನಡುವಿನ ಅಂತರದಲ್ಲಿ.

ಆಲದ ಮರಕ್ಕೂ ಇದೇ ಮಾತು. ನಮ್ಮ ಊರುಗಳಲ್ಲಿ ಇವತ್ತಿಗೂ ಅಶ್ವತ್ಥಕಟ್ಟೆ ಎದುರು, ದೇವರ ಎದುರು ಸುಳ್ಳು ಹೇಳಲಿಕ್ಕೆ ಜನ ಅಂಜುತ್ತಾರೆ. ದುಷ್ಟಬುದ್ಧಿ ಬಂಡವಾಳ ಮಾಡಿಕೊಂಡದ್ದು ಆ ಅಂಜಿಕೆಯನ್ನೇ. ಮರದ ಮೇಲಿನ ಭಕ್ತಿ ಇಲ್ಲದಿದ್ದರೆ ಪೊಟರೆಯ ದನಿಗೆ ಬೆಲೆಯೇ ಇರುತ್ತಿರಲಿಲ್ಲ. ಆ ಜಾಗದಲ್ಲಿ ಒಂದು ಬಂಡೆಯನ್ನೋ ಬಾವಿಯನ್ನೋ ಇಟ್ಟು ನೋಡಿ: ಕಥೆ ನಡೆಯುತ್ತದಾ? ನಡೆಯದಿದ್ದರೆ, ಮರ ಅಲ್ಲಿ ಅಲಂಕಾರಕ್ಕಿಲ್ಲ ಅಂತ ಅರ್ಥ.

4. ಮೂರನ್ನೂ ಒಟ್ಟಿಗೆ: 'ಶಿಕಾರಿ'

ಈಗ ಪಠ್ಯದ ಹೊರಗೆ ಬನ್ನಿ. ಯಶವಂತ ಚಿತ್ತಾಲರು 1928ರಲ್ಲಿ ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದವರು. ನಮಗೆ ಇನ್ನೊಂದು ನಂಟೂ ಉಂಟು: ಅವರು ಪಾಲಿಮರ್ ತಂತ್ರಜ್ಞರು. ಅಮೆರಿಕದ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದಿ, ಮುಂಬಯಿಯಲ್ಲಿ ಬೇಕಲೈಟ್ ಹೈಲಮ್ ಕಂಪನಿಯಲ್ಲಿ ಕೆಲಸ ಮಾಡಿದರು. 1983ರಲ್ಲಿ 'ಕಥೆಯಾದಳು ಹುಡುಗಿ' ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

1979ರ 'ಶಿಕಾರಿ' ಕಾದಂಬರಿಯ ನಾಗಪ್ಪ ಮುಂಬಯಿಯ ಕಂಪನಿಯೊಂದರ ಅಧಿಕಾರಿ, ಊರು ಹನೇಹಳ್ಳಿ. ಅವನನ್ನು ಏಕಾಏಕಿ ಕೆಲಸದಿಂದ ದೂರ ಇಡುತ್ತಾರೆ. ತನಿಖೆ ಅನ್ನುತ್ತಾರೆ, ಆದರೆ ತಪ್ಪು ಎಂತದು ಅಂತ ಅವನಿಗೆ ಸ್ಪಷ್ಟವಾಗುವುದಿಲ್ಲ.

ನಮ್ಮ ಮೂರು ಉಪಕರಣ ಇಲ್ಲಿ ಹಚ್ಚಿ ನೋಡಿ. ಪಾತ್ರ: ನಾಗಪ್ಪನಿಗೆ ಬೇಕಾದ್ದು ಕೆಲಸ ಮಾತ್ರವೋ, ತನ್ನ ಮಾನವೋ? ಸಂಕೇತ: ಶೀರ್ಷಿಕೆಯ 'ಶಿಕಾರಿ' ಯಾರು? ಬೆನ್ನು ಹತ್ತಿದವರೋ, ಅವನೊಳಗಿನ ಭಯವೋ? ಆಶಯಕ್ಕೆ ಆನೆಯ ಪಕ್ಕದಲ್ಲಿ ನಾಗಪ್ಪನನ್ನು ನಿಲ್ಲಿಸಿ. ಗೌರಿಗೆ ಮಾತು ಬಾರದು. ನಾಗಪ್ಪ ಮನಸ್ಸಿನೊಳಗೆ ಎಡೆಬಿಡದೆ ಮಾತಾಡುತ್ತಾನೆ. ಆದರೂ ಆರೋಪಿಯ ಮಾತು ಕೇಳುವ ಮನಸ್ಸು ಎದುರಿನವರಿಗೆ ಇಲ್ಲದಿದ್ದರೆ ಇಬ್ಬರ ಸ್ಥಿತಿಯೂ ಒಂದೇ. ಆನೆಯ ಕಥೆಯನ್ನು ನಾವು ಹೊರಗೆ ನಿಂತು ನಗುತ್ತಾ ಓದಿದ್ದೆವು. 'ಶಿಕಾರಿ'ಯಲ್ಲಿ ಚಿತ್ತಾಲರು ನಮ್ಮನ್ನು ಆರೋಪಿಯ ತಲೆಯೊಳಗೇ ಕೂರಿಸುತ್ತಾರೆ, ಅಲ್ಲಿ ನಗು ಬರುವುದಿಲ್ಲ.

ಮುಂದಿನ ಸಭೆಗೆ

ಹಳೇ ಪಠ್ಯಪುಸ್ತಕದಿಂದ ಒಂದು ಕಥೆ ಆರಿಸಿಕೊಳ್ಳಿ, ಯಾವ ಭಾಷೆಯದಾದರೂ ಅಡ್ಡಿಲ್ಲ. ಗೈಡ್ ಮುಟ್ಟದೆ ಒಂದು ಪುಟ ಬರೆದು ತನ್ನಿ:

• ಮುಖ್ಯ ಪಾತ್ರ ಬಿಟ್ಟು ಬೇರೊಬ್ಬರ ಬಗ್ಗೆ ಮೇಲಿನ ಮೂರು ಪ್ರಶ್ನೆಗೆ ಉತ್ತರ.
• ವಾದ ಮಾಡಬಹುದಾದ ಒಂದು ವಾಕ್ಯದಲ್ಲಿ ಆಶಯ.
• ಒಂದು ವಸ್ತು ಆರಿಸಿ, ಅದನ್ನು ತೆಗೆದರೆ ಕಥೆಯಲ್ಲಿ ಏನು ಬೀಳುತ್ತದೆ ಎಂಬ ವಿವರಣೆ.

ಪ್ರತಿ ಮಾತಿಗೂ ಕಥೆಯಲ್ಲಿ ಅದು ಎಲ್ಲಿದೆ ಅಂತ ತೋರಿಸಬೇಕು. ಧರ್ಮಬುದ್ಧಿ ಮರದ ಸುತ್ತ ಬಂದ ಹಾಗೆ, ನಾವೂ ಒಂದು ಸುತ್ತು ಬಂದೇ ಒಪ್ಪುವವರು.